ರೈತನ ಮನೆಯ ಲೆಕ್ಕ: ಅಲೆಕ್ಸಾಂಡರ್ ಚಯಾನೋವ್

ಅರ್ಥಶಾಸ್ತ್ರವನ್ನು ಬೋಧಿಸುವವರಿಗೆ ಒಂದು ಅನುಕೂಲವುಂಟು. ಕಪ್ಪುಹಲಗೆಯ ಮೇಲೆ ಬರೆದ ಬೇಸಾಯಕ್ಕೆ ಮಳೆ ತಪ್ಪುವುದಿಲ್ಲ, ಎತ್ತು ಸಾಯುವುದಿಲ್ಲ; ಲೆಕ್ಕವು ಯಾವಾಗಲೂ ಸರಿಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ ಸಣ್ಣ ಹಿಡುವಳಿಯೊಂದರ ಆಯವ್ಯಯವನ್ನು ಹೀಗೆಯೇ ಬರೆದು ತೋರಿಸುತ್ತಿದ್ದೆವು. ಬೆಳೆಯ ಬೆಲೆಯಲ್ಲಿ ಬೀಜ, ಗೊಬ್ಬರ, ಎತ್ತಿನ ಮೇವು, ಕಂದಾಯ ಇವನ್ನೆಲ್ಲ ಕಳೆದೆವು. ಬಳಿಕ ಮನೆಯವರ ದುಡಿಮೆಗೆ ಊರಿನ ಕೂಲಿಯ ದರವನ್ನು ಕಟ್ಟಿ ಅದನ್ನೂ ಕಳೆದೆವು. ಕಡೆಯಲ್ಲಿ ಉಳಿದದ್ದು ನಷ್ಟ. ಈ ಬೇಸಾಯವು ಗಿಟ್ಟುವುದಿಲ್ಲವೆಂದು ತೀರ್ಮಾನ ಹೇಳಿ ಸೀಮೆಸುಣ್ಣವನ್ನು ಕೆಳಗಿಟ್ಟೆವು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದುನಿಂತು, “ಸಾರ್, ನಮ್ಮ ತಾಯಿ ಕಳೆ ಕೀಳುವುದಕ್ಕೆ ಹೋಗದೆ ಮನೆಯಲ್ಲಿಯೇ ಕುಳಿತರೆ ಆ ಕೂಲಿಯನ್ನು ಅವರಿಗೆ ಯಾರು ಕೊಡುತ್ತಾರೆ?” ಎಂದು ಕೇಳಿದನು. ನಾವು ಏನೋ ಸಮಾಧಾನ ಹೇಳಿದೆವು. ಅಷ್ಟರಲ್ಲಿ ಗಂಟೆಯು ಹೊಡೆದು ನಮ್ಮ ಮಾನವನ್ನು ಉಳಿಸಿತು.

ಆ ಹುಡುಗನ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ ರಷ್ಯಾ ದೇಶದ ವಿದ್ವಾಂಸನೊಬ್ಬನು ಕೇಳಿದ್ದನು. ಕೇಳಿ, ಅದಕ್ಕೆ ಉತ್ತರವನ್ನು ಹುಡುಕುವುದರಲ್ಲಿ ತನ್ನ ಆಯುಷ್ಯವನ್ನು ಸವೆಸಿದನು. ಆ ಉತ್ತರಕ್ಕಾಗಿ ಆತನು ತೆತ್ತ ಬೆಲೆ ಬಹಳ ದೊಡ್ಡದು. ಆತನ ಜೀವಿತವನ್ನೂ ವಿಚಾರವನ್ನೂ ಶ್ರೋತೃಗಳ ಮುಂದೆ ಸಂಗ್ರಹವಾಗಿ ಇಡುವುದು ಈ ಭಾಷಣದ ಉದ್ದೇಶ.

ಆತನ ಹೆಸರು ಅಲೆಕ್ಸಾಂಡರ್ ವಸೀಲಿಯೆವಿಚ್ ಚಯಾನೋವ್. ಹುಟ್ಟಿದ್ದು 1888ನೆಯ ಇಸವಿ ಜನವರಿ ತಿಂಗಳಿನಲ್ಲಿ, ಮಾಸ್ಕೋ ನಗರದಲ್ಲಿ. ತಂದೆಯು ರೈತರ ಮನೆತನದಲ್ಲಿ ಹುಟ್ಟಿ ವ್ಯಾಪಾರದಿಂದ ಮೇಲೆ ಬಂದವನು. ತಾಯಿಯು ವ್ಯವಸಾಯ ವಿದ್ಯಾಲಯದಲ್ಲಿ ಓದಿದ್ದವಳು. ಆ ಕಾಲದ ಹೆಂಗಸರಲ್ಲಿ ಇದು ಅಪರೂಪದ ಸಂಗತಿ. ಮಗನೂ 1906ರಲ್ಲಿ ಮಾಸ್ಕೋವಿನ ವ್ಯವಸಾಯ ವಿದ್ಯಾಲಯವನ್ನೇ ಸೇರಿದನು. ವಿದ್ಯಾರ್ಥಿಯಾಗಿದ್ದಾಗಲೇ ಇಟಲಿಗೂ ಬೆಲ್ಜಿಯಮ್ಮಿಗೂ ಹೋಗಿ, ಅಲ್ಲಿಯ ಸಣ್ಣ ರೈತರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಬದುಕುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡು ಬಂದು, ಅದನ್ನು ಕುರಿತು ಬರೆದನು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ವ್ಯವಸಾಯದ ಅರ್ಥಶಾಸ್ತ್ರದಲ್ಲಿ ಆತನ ಹೆಸರು ತಿಳಿದವರ ನಡುವೆ ಹಬ್ಬಿತ್ತು. ಹಾಗೆಂದು ಆತನು ಅಂಕಿಗಳನ್ನು ಬಿಟ್ಟರೆ ಬೇರೇನನ್ನೂ ಅರಿಯದವನಲ್ಲ. ಹಳೆಯ ಮಾಸ್ಕೋ ನಗರದ ಚರಿತ್ರೆಯಲ್ಲಿಯೂ ಪಡುವಣ ದೇಶಗಳ ಹಳೆಯ ಮುದ್ರಿತ ಚಿತ್ರಗಳಲ್ಲಿಯೂ ಆತನಿಗೆ ಅಪಾರವಾದ ಪ್ರೀತಿ. ಸಸ್ಯಶಾಸ್ತ್ರಜ್ಞನೊಬ್ಬನ ಸೋಗಿನಲ್ಲಿ, ನಿಜವಾದ ಹೆಸರನ್ನು ಮರೆಸಿ, ಭೂತಪ್ರೇತಗಳ ಅದ್ಭುತ ಕಥೆಗಳನ್ನೂ ಬರೆದನು.

ಆ ಕಾಲದ ರಷ್ಯಾದಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮೇಲ್ಪಟ್ಟು ಜನರು ಹಳ್ಳಿಗಳಲ್ಲಿದ್ದರು. ಅವರಲ್ಲಿ ಅನೇಕರ ತಂದೆ ತಾತಂದಿರು 1861ರ ವರೆಗೆ ಜಮೀನುದಾರರ ಜೀತದಲ್ಲಿದ್ದವರು. ಬಿಡುಗಡೆಯಾದ ಮೇಲೆ 1864ರಲ್ಲಿ ‘ಜೆಮ್ಸ್ತ್ವೊ’ ಎಂಬ ಸ್ಥಳೀಯ ಮಂಡಲಿಗಳು ಏರ್ಪಟ್ಟುವು. ತೆರಿಗೆಯನ್ನು ನ್ಯಾಯವಾಗಿ ಹಾಕಬೇಕಾದರೆ ರೈತನ ಸ್ಥಿತಿ ತಿಳಿಯಬೇಕಷ್ಟೆ. ಅದಕ್ಕಾಗಿ ಈ ಮಂಡಲಿಗಳು ಅಂಕಿ ಸಂಗ್ರಹಿಸುವವರನ್ನು ನೇಮಿಸಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸಿದುವು. ಅವರು ಮನೆಯಿಂದ ಮನೆಗೆ ಹೋಗಿ, ಉಣ್ಣುವ ಬಾಯಿ ಎಷ್ಟು, ದುಡಿಯುವ ಕೈ ಎಷ್ಟು, ಕುದುರೆ ಎಷ್ಟು, ಹೊಲವೆಷ್ಟು ಎಂಬುದನ್ನೆಲ್ಲ ಬರೆದುಕೊಂಡರು. ಕೆಲವು ಕಡೆ ಒಂದೊಂದು ಮನೆಯ ವರ್ಷದ ಜಮಾಖರ್ಚನ್ನೇ ಸಂಪೂರ್ಣವಾಗಿ ಎತ್ತಿದರು. ಹಲವು ದಶಕಗಳಲ್ಲಿ ಹೀಗೆ ಕೂಡಿಬಂದ ರಾಶಿಯಷ್ಟು ಸಮೃದ್ಧವಾದ ರೈತ ಜೀವನದ ದಾಖಲೆಯು ಬೇರೆ ಯಾವ ದೇಶದಲ್ಲಿಯೂ ಇರಲಿಲ್ಲವೆಂದರೆ ಸಲ್ಲುತ್ತದೆ. ಚಯಾನೋವನು ಈ ರಾಶಿಯನ್ನು ಓದಿದನು. ತಾನೂ ಮಾಸ್ಕೋ ಪ್ರಾಂತದ ವೊಲೊಕೊಲಾಮ್ಸ್ಕ್ ಸೀಮೆಯಲ್ಲಿ ಅಗಸೆ ಬೆಳೆಯುವವರ ಲೆಕ್ಕಗಳನ್ನು ಶೋಧಿಸಿದನು. ಖಾರ್ಕೋವ್ ಪ್ರಾಂತದ ಸ್ಟಾರೊಬೆಲ್ಸ್ಕ್ ಸೀಮೆಯ ಸುಮಾರು ನೂರು ಮನೆಗಳ ಜಮಾಖರ್ಚನ್ನು 1915ರಲ್ಲಿ ಪ್ರಕಟಿಸಿದನು.

ಈ ಲೆಕ್ಕಗಳಲ್ಲಿ ಆತನಿಗೆ ಒಂದು ವಿಚಿತ್ರವು ಕಂಡಿತು. ಮನೆಯವರ ದುಡಿಮೆಗೆ ಕೂಲಿಯನ್ನು ಕಟ್ಟಿ ನೋಡಿದರೆ, ಎಷ್ಟೋ ಹಿಡುವಳಿಗಳು ವರ್ಷ ವರ್ಷವೂ ನಷ್ಟದಲ್ಲಿ ನಡೆಯುವಂತೆ ತೋರುತ್ತಿದ್ದುವು. ಕಾರ್ಖಾನೆಯಾಗಿದ್ದರೆ ಎಂದೋ ಬಾಗಿಲು ಮುಚ್ಚಬೇಕಾಗಿತ್ತು. ಆದರೆ ಈ ರೈತರು ಮುಚ್ಚಲಿಲ್ಲ. ನಷ್ಟದ ಹೊಲಕ್ಕೆ ಪಕ್ಕದಲ್ಲಿ ಇನ್ನೊಂದು ತುಂಡನ್ನು ಗೇಣಿಗೆ ಹಿಡಿಯುತ್ತಿದ್ದರು, ಅದೂ ಬಂಡವಾಳಗಾರನು ಕೊಡಲೊಪ್ಪದಷ್ಟು ಹೆಚ್ಚಿನ ಗೇಣಿಗೆ! ಇದನ್ನು ಕಂಡ ಪಂಡಿತರು ರೈತನಿಗೆ ಲೆಕ್ಕ ಬಾರದೆಂದು ಹೇಳಿದರು. ಚಯಾನೋವನು ಪಂಡಿತರ ಲೆಕ್ಕವನ್ನೇ ಸಂಶಯಿಸಿದನು.

ಆತನ ವಾದವು ಇದು. ಕಾರ್ಖಾನೆಯ ಒಡೆಯನು ಕೂಲಿಯನ್ನು ಕೈಯಿಂದ ಕೊಡುತ್ತಾನೆ. ಬಂದ ಹಣದಲ್ಲಿ ಅದನ್ನು ಕಳೆದು ಉಳಿದದ್ದನ್ನು ಲಾಭವೆನ್ನುತ್ತಾನೆ. ರೈತನ ಮನೆಯಲ್ಲಿ ಕೂಲಿಯೆಂಬ ವೆಚ್ಚವೇ ಇಲ್ಲ. ಗಂಡ, ಹೆಂಡತಿ, ಮಕ್ಕಳು ಕೂಡಿ ದುಡಿಯುತ್ತಾರೆ. ಸುಗ್ಗಿಯಲ್ಲಿ ಬೀಜಕ್ಕೂ ತೆರಿಗೆಗೂ ಕೊಟ್ಟು ಮಿಕ್ಕದ್ದು ಅವರೆಲ್ಲರಿಗೂ ಸೇರಿದ ಒಂದೇ ಗಂಟು. ಅದರಲ್ಲಿ ಇಷ್ಟು ಕೂಲಿ, ಇಷ್ಟು ಗೇಣಿ, ಇಷ್ಟು ಲಾಭ ಎಂದು ಬೇರ್ಪಡಿಸುವುದು ಲೆಕ್ಕ ಬರೆಯುವವನ ಕಲ್ಪನೆಯೇ ಹೊರತು ಮನೆಯ ವ್ಯವಹಾರವಲ್ಲ. ಹಾಗಾದರೆ ರೈತನು ಎಲ್ಲಿಯವರೆಗೆ ದುಡಿಯುತ್ತಾನೆ? ಕೈ ಕೆಸರಾದರೆ ಬಾಯಿ ಮೊಸರೆಂದು ನಮ್ಮ ಹಿರಿಯರು ಹೇಳಿದ್ದಾರೆ. ಎಷ್ಟು ಮೊಸರಿಗೆ ಎಷ್ಟು ಕೆಸರೆಂಬುದನ್ನು ಪ್ರತಿಯೊಂದು ಮನೆಯೂ ತನ್ನೊಳಗೇ ತೂಗಿ ನೋಡುತ್ತದೆ. ಮನೆಯಲ್ಲಿ ಹಸಿವು ಇರುವವರೆಗೆ ಇನ್ನೊಂದು ದಿನದ ದುಡಿಮೆಯು ಎಷ್ಟೇ ಕಷ್ಟವಾದರೂ ಬೇಡವೆನಿಸುವುದಿಲ್ಲ. ಹೊಟ್ಟೆ ಬಟ್ಟೆಗಳ ಅವಶ್ಯಕತೆ ತೀರುತ್ತ ಬಂದಂತೆ ಮೈಯ ಆಯಾಸವು ಹೆಚ್ಚು ಭಾರವಾಗಿ ತೋರುತ್ತದೆ. ಈ ಎರಡೂ ಸಮತೂಕವಾದಲ್ಲಿ ರೈತನು ನೇಗಿಲನ್ನು ನಿಲ್ಲಿಸುತ್ತಾನೆ.

ಈ ಮಾತನ್ನು ಆತನು ಅಂಕಿಗಳಿಂದ ವಿಶದಪಡಿಸಿದನು. ಗಂಡಸನ್ನು ಒಂದೆಂದೂ ಹೆಂಗಸನ್ನು ಒಂದರಲ್ಲಿ ಹತ್ತನೆಯ ಎಂಟು ಪಾಲೆಂದೂ ಎಣಿಸೋಣ. ಹೊಸದಾಗಿ ಮದುವೆಯಾದ ದಂಪತಿಗಳ ಮನೆಯಲ್ಲಿ ದುಡಿಯುವ ಶಕ್ತಿ 1.8, ಉಣ್ಣುವ ಬಾಯಿಯೂ 1.8. ಮಕ್ಕಳು ಒಂದರ ಹಿಂದೆ ಒಂದು ಹುಟ್ಟುತ್ತವೆ. ಅವಕ್ಕೆ ಬಾಯಿಯುಂಟು, ಇನ್ನೂ ಕೈಯಿಲ್ಲ. ಹದಿನಾಲ್ಕನೆಯ ವರ್ಷಕ್ಕೆ ಉಣ್ಣುವ ಲೆಕ್ಕವು 3.5ಕ್ಕೆ ಏರುತ್ತದೆ, ದುಡಿಯುವ ಲೆಕ್ಕವು ಅದೇ 1.8. ಎಂದರೆ ಒಬ್ಬೊಬ್ಬ ದುಡಿಯುವವನ ಮೇಲೆ ಬೀಳುವ ಹೊರೆ 1.94, ಹೆಚ್ಚು ಕಡಮೆ ಎರಡು ಪಾಲು. ಆಮೇಲೆ ಹಿರಿಯ ಮಗನು ನೇಗಿಲನ್ನು ಹಿಡಿಯುತ್ತಾನೆ, ಮಗಳು ಕೊಯ್ಲಿಗೆ ಬರುತ್ತಾಳೆ, ಹೊರೆಯು ಮೆಲ್ಲಮೆಲ್ಲನೆ ಇಳಿಯುತ್ತದೆ. ವೊಲೊಕೊಲಾಮ್ಸ್ಕಿನ ಲೆಕ್ಕಗಳಲ್ಲಿ ನೋಡಿದಾಗ, ಹೊರೆಯು ಹೆಚ್ಚಿದ ಮನೆಗಳಲ್ಲಿ ಒಬ್ಬೊಬ್ಬನು ವರ್ಷಕ್ಕೆ ದುಡಿದು ತಂದದ್ದೂ ಹೆಚ್ಚಿತ್ತು. ಅವರಿಗೆ ವಿಶೇಷವಾದ ಭೂಮಿಯಾಗಲಿ ಯಂತ್ರವಾಗಲಿ ಇದ್ದುದರಿಂದ ಹೀಗಾದದ್ದಲ್ಲ. ತೊಟ್ಟಿಲಲ್ಲಿ ಮಗುವಿದ್ದುದರಿಂದ ಹೆಚ್ಚು ದುಡಿದರು.

ಹೀಗೆ ನೋಡಿದಾಗ ರೈತನ ‘ದಡ್ಡತನ’ಗಳೆಲ್ಲ ಒಂದೊಂದಾಗಿ ಅರ್ಥವಾಗತೊಡಗಿದುವು. ನಮ್ಮಲ್ಲಿ ಅಗಸೆಯನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಅಲ್ಲಿ ಮುಖ್ಯವಾಗಿ ನಾರಿಗಾಗಿ. ಅದನ್ನು ಕಿತ್ತು, ನೆನೆಯಿಟ್ಟು, ಬಡಿದು, ನಾರನ್ನು ಬಿಡಿಸುವುದರಲ್ಲಿ ಸೊಂಟವು ಬಿದ್ದುಹೋಗುತ್ತದೆ. ಓಟ್ಸ್ ಬೆಳೆದರೆ ಒಂದು ದಿನದ ದುಡಿಮೆಗೆ ಹೆಚ್ಚು ಫಲ. ಆದರೂ ಭೂಮಿ ಕಡಮೆಯಿದ್ದವರು ಅಗಸೆಯನ್ನೇ ಹಾಕಿದರು. ಏಕೆಂದರೆ ಒಂದು ದಿನಕ್ಕೆ ದೊರೆಯುವುದು ಕಡಮೆಯಾದರೂ, ಅಷ್ಟೇ ನೆಲದಲ್ಲಿ ಹೆಚ್ಚು ದಿನ ದುಡಿದು ಒಟ್ಟಿನಲ್ಲಿ ಹೆಚ್ಚನ್ನು ಮನೆಗೆ ತರಬಹುದಾಗಿತ್ತು. ಒಕ್ಕಣೆಯ ಯಂತ್ರದ ವಿಷಯವೂ ಹೀಗೆಯೇ. ಯಂತ್ರವು ಕೂಲಿಯನ್ನು ಉಳಿಸುತ್ತದೆ, ನಿಜ. ಆದರೆ ಚಳಿಗಾಲದಲ್ಲಿ ಬೇರೆ ಕೆಲಸವಿಲ್ಲದ ಮನೆಯಲ್ಲಿ ಉಳಿದ ದಿನಗಳನ್ನು ಮಾಡುವುದೇನು? ಕೈಗಳು ಸುಮ್ಮನಿರುತ್ತವೆ, ಯಂತ್ರದ ಹಣ ಮಾತ್ರ ಹೋಗುತ್ತದೆ. ಹೆಚ್ಚಿನ ಗೇಣಿಯ ರಹಸ್ಯವೂ ಇದೇ: ಭೂಮಿಗೆ ಹಸಿದ ಮನೆಯು ಆ ತುಂಡಿನಲ್ಲಿ ಲಾಭವನ್ನು ಅರಸುವುದಿಲ್ಲ, ತನ್ನ ಕೈಗಳಿಗೆ ಕೆಲಸವನ್ನು ಅರಸುತ್ತದೆ.

ಇದನ್ನು ಆತನು ರೈತನ ಸೌಭಾಗ್ಯವೆಂದು ಹೊಗಳಲಿಲ್ಲ. ಸಣ್ಣ ರೈತನು ದೊಡ್ಡ ಜಮೀನುದಾರನ ಎದುರು ನಿಂತು ಉಳಿಯುವುದು ತನ್ನನ್ನು ತಾನೇ ಹಿಂಡಿಕೊಳ್ಳುವ ಶಕ್ತಿಯಿಂದ ಎಂಬುದನ್ನು ಆತನು ಮುಚ್ಚುಮರೆಯಿಲ್ಲದೆ ಹೇಳಿದನು. ಈ ಹಿಂಡಿಕೆಯನ್ನು ಕಡಮೆಮಾಡುವುದು ಹೇಗೆ ಎಂಬುದೇ ಆತನ ಎರಡನೆಯ ಪ್ರಶ್ನೆ. ಅದಕ್ಕೆ ಆತನು ಕಂಡ ಉತ್ತರ ಸಹಕಾರ.

ಬೇಸಾಯವು ಒಂದೇ ಕೆಲಸವಲ್ಲ, ಹಲವು ಕೆಲಸಗಳ ಹೆಣಿಗೆ. ಒಂದೊಂದು ಕೆಲಸಕ್ಕೂ ತಕ್ಕ ಅಳತೆ ಬೇರೆ ಬೇರೆ ಎಂದು ಆತನು ತೋರಿಸಿದನು. ಹಸುವಿನ ಆರೈಕೆಗೆ ಮನೆಯೇ ತಕ್ಕ ಅಳತೆ. ಹಾಲಿನಿಂದ ಬೆಣ್ಣೆ ತೆಗೆದು ದೂರದ ಪೇಟೆಗೆ ಕಳುಹಿಸುವುದಕ್ಕೆ ಹತ್ತಾರು ಹಳ್ಳಿಗಳು ಕೂಡಬೇಕು. ಸಾಲ ತರುವುದಕ್ಕೆ, ಬೀಜ ಕೊಳ್ಳುವುದಕ್ಕೆ, ನಾರನ್ನು ಮಾರುವುದಕ್ಕೆ ಅದಕ್ಕಿಂತಲೂ ದೊಡ್ಡ ಒಕ್ಕೂಟ ಬೇಕಾಗಬಹುದು. ಆದುದರಿಂದ ಹೊಲಗಳನ್ನೆಲ್ಲ ಒಂದಾಗಿ ಬೆರಸಿ ರೈತನನ್ನು ಆಳನ್ನಾಗಿ ಮಾಡಬೇಕಾಗಿಲ್ಲ. ದೊಡ್ಡ ಅಳತೆಯಿಂದ ಪ್ರಯೋಜನವಾಗುವ ಕೆಲಸವನ್ನು ಮಾತ್ರ ಮನೆಯಿಂದ ಬಿಡಿಸಿ ಸಂಘಕ್ಕೆ ಒಪ್ಪಿಸಿದರೆ ಸಾಕು. ಇದು ಬರಿಯ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1915ರಲ್ಲಿ ಸ್ಥಾಪಿತವಾದ ಅಗಸೆ ಬೆಳೆಗಾರರ ಕೇಂದ್ರ ಸಹಕಾರ ಸಂಘದ ಮುಂದಾಳುಗಳಲ್ಲಿ ಚಯಾನೋವನೂ ಒಬ್ಬನು. ದಲ್ಲಾಳಿಗಳ ಕೈಯಲ್ಲಿದ್ದ ನಾರಿನ ವ್ಯಾಪಾರದಲ್ಲಿ ರೈತರ ಸಂಘವು ಹೊರದೇಶಗಳಿಗೆ ಮಾಲನ್ನು ಕಳುಹಿಸುವಷ್ಟು ಬೆಳೆಯಿತು.

1917ರಲ್ಲಿ ಚಕ್ರವರ್ತಿಯ ಆಳ್ವಿಕೆ ಮುರಿದುಬಿದ್ದಿತು. ತಾತ್ಕಾಲಿಕ ಸರಕಾರದ ಕಡೆಯ ದಿನಗಳಲ್ಲಿ ಚಯಾನೋವನು ಕೆಲವು ವಾರಗಳ ಮಟ್ಟಿಗೆ ವ್ಯವಸಾಯದ ಉಪಮಂತ್ರಿಯಾಗಿದ್ದನು. ಬಳಿಕ ಬಾಲ್ಷೆವಿಕರು ಅಧಿಕಾರಕ್ಕೆ ಬಂದರು. ಆತನು ಅವರ ಪಕ್ಷವನ್ನು ಸೇರಲಿಲ್ಲ, ದೇಶವನ್ನು ಬಿಟ್ಟೂ ಹೋಗಲಿಲ್ಲ. ಅವರ ಯೋಜನಾ ಕಚೇರಿಗಳಲ್ಲಿ ವಿಷಯಜ್ಞನಾಗಿ ದುಡಿದನು, ವ್ಯವಸಾಯದ ಅರ್ಥಶಾಸ್ತ್ರಕ್ಕಾಗಿ ಒಂದು ಸಂಶೋಧನಾಲಯವನ್ನು ಕಟ್ಟಿ ಬೆಳೆಸಿದನು. 1920ರಲ್ಲಿ ಇವಾನ್ ಕ್ರೆಮ್ನೆವ್ ಎಂಬ ಗುಪ್ತನಾಮದಿಂದ ಒಂದು ಕಥೆಯನ್ನು ಬರೆದನು. ಅದರ ನಾಯಕನು ಒಂದು ದಿನ ಎಚ್ಚತ್ತು ನೋಡುವಾಗ ತಾನು 1984ನೆಯ ಇಸವಿಯ ಮಾಸ್ಕೋವಿನಲ್ಲಿದ್ದಾನೆ. ಅಧಿಕಾರವು ರೈತರ ಕೈಯಲ್ಲಿದೆ, ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ಜನರಿರುವ ಪಟ್ಟಣಗಳನ್ನು ಕಾನೂನಿನಿಂದಲೇ ಕರಗಿಸಲಾಗಿದೆ. ಆಂಗ್ಲ ಲೇಖಕ ಆರ್ವೆಲ್ಲನು ಅದೇ ಇಸವಿಯನ್ನು ಹೆಸರಾಗಿಟ್ಟು ಕಾದಂಬರಿ ಬರೆದದ್ದು ಇಪ್ಪತ್ತೊಂಬತ್ತು ವರ್ಷಗಳ ಮೇಲೆ. 1922ರಲ್ಲಿ ಚಯಾನೋವನು ಹೊರದೇಶಗಳಿಗೆ ಹೋದನು. ಆತನ ಮುಖ್ಯ ಗ್ರಂಥವು 1923ರಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಅಲ್ಲಿಯೇ ನಿಲ್ಲಬಹುದಾಗಿತ್ತು; ಹಿಂದಿರುಗಿದನು. ಆ ಗ್ರಂಥವನ್ನು ಬೆಳೆಸಿ 1925ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದನು.

ಆತನ ಸಿದ್ಧಾಂತವನ್ನು ಅಲ್ಲಿ ಎಲ್ಲರೂ ಒಪ್ಪಿದರೆಂದಲ್ಲ. ಹಳ್ಳಿಯು ಸಿರಿವಂತ ರೈತರೆಂದೂ ಭೂಮಿಯಿಲ್ಲದ ಕೂಲಿಗಳೆಂದೂ ಒಡೆಯುತ್ತಿದೆಯೆಂದು ಲೆನಿನ್ 1899ರಷ್ಟು ಹಿಂದೆಯೇ ವಾದಿಸಿದ್ದನು. ಚಯಾನೋವನಾದರೋ, ಇಂದು ಸಣ್ಣದಾಗಿರುವ ಹಿಡುವಳಿಯು ಮಕ್ಕಳು ಬೆಳೆದಾಗ ದೊಡ್ಡದಾಗುತ್ತದೆ, ಪಾಲಾದಾಗ ಮತ್ತೆ ಸಣ್ಣದಾಗುತ್ತದೆ, ಆದುದರಿಂದ ಹಳ್ಳಿಯ ಭೇದಗಳಲ್ಲಿ ಬಹುಪಾಲು ಮನೆಯ ವಯಸ್ಸಿನ ಭೇದಗಳು ಎಂದನು. ನಮ್ಮ ಅಭಿಪ್ರಾಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಅಲ್ಲಿಯ ಹಲವು ಪ್ರಾಂತಗಳಲ್ಲಿ ಗ್ರಾಮ ಸಮುದಾಯವು ಕಾಲಕಾಲಕ್ಕೆ ಭೂಮಿಯನ್ನು ಮನೆಮನೆಗೆ ಮರುಹಂಚಿಕೆ ಮಾಡುತ್ತಿದ್ದಿತು. ಆದುದರಿಂದ ಸಂಸಾರದ ಹಿಂದೆ ಹೊಲವೂ ಬೆಳೆಯಬಹುದಾಗಿತ್ತು. ಭೂಮಿಯು ಕೆಲವರ ಕೈಯಲ್ಲಿ ಕಟ್ಟಿಹೋಗಿರುವ ಕಡೆ, ಮಕ್ಕಳು ಹೆಚ್ಚಿದ ಬಡವನಿಗೆ ಹೊಲವು ಹೆಚ್ಚುವುದಿಲ್ಲ, ಸಾಲ ಹೆಚ್ಚುತ್ತದೆ. ಈ ಮಾತನ್ನು ಶಾಸ್ತ್ರಜ್ಞರು ಪುಸ್ತಕಗಳಲ್ಲಿ ವಾದಿಸಬಹುದಾಗಿತ್ತು, ಇಪ್ಪತ್ತರ ದಶಕದಲ್ಲಿ ವಾದಿಸಿಯೂ ಇದ್ದರು. ಆದರೆ ವಾದವನ್ನು ತೀರಿಸುವ ಬೇರೆ ಉಪಾಯಗಳು ಬರುವುದರಲ್ಲಿದ್ದುವು.

1928ರಲ್ಲಿ ಸಂಶೋಧನಾಲಯದ ಮುಖ್ಯಸ್ಥನ ಸ್ಥಾನವು ಆತನ ಕೈಬಿಟ್ಟಿತು. ಒತ್ತಾಯವು ಹೆಚ್ಚುತ್ತಿದ್ದ ಆ ದಿನಗಳಲ್ಲಿ ಆತನು ಹಿಂದಿನ ಮಾತುಗಳಲ್ಲಿ ತಪ್ಪುಗಳಿದ್ದುವೆಂದು ಒಪ್ಪಿಕೊಂಡು, ಯಂತ್ರಗಳಿಂದ ನಡೆಯುವ ವಿಶಾಲವಾದ ಧಾನ್ಯಕ್ಷೇತ್ರಗಳ ಪರವಾಗಿಯೂ ಬರೆದನು. ಅದರಿಂದಲೂ ಪ್ರಯೋಜನವಾಗಲಿಲ್ಲ. 1929ರ ಡಿಸೆಂಬರ್ 27ರಂದು ವ್ಯವಸಾಯಶಾಸ್ತ್ರದ ಪಕ್ಷೀಯ ಪಂಡಿತರ ಸಭೆಯಲ್ಲಿ ಸ್ಟಾಲಿನ್ ಮಾತನಾಡುತ್ತ, ಚಯಾನೋವನಂಥವರ ಗ್ರಂಥಗಳಿಗೆ ದೇಶದಲ್ಲಿ ಇಷ್ಟು ಅವಕಾಶವೇಕೆಂದು ಹೆಸರೆತ್ತಿ ಆಕ್ಷೇಪಿಸಿದನು. ಏಳು ತಿಂಗಳು ಕಳೆಯುವುದರೊಳಗೆ, 1930ರ ಜುಲೈ 21ರಂದು, ಚಯಾನೋವನ ಬಂಧನವಾಯಿತು. ‘ಶ್ರಮಿಕ ರೈತ ಪಕ್ಷ’ವೆಂಬ ಗುಪ್ತ ಪಕ್ಷವನ್ನು ಕಟ್ಟಿ ರಾಜ್ಯದ್ರೋಹಕ್ಕೆ ಸಂಚು ಹೂಡಿದನೆಂಬುದು ಆರೋಪ. ಅರ್ಥಶಾಸ್ತ್ರಜ್ಞ ಕೊಂದ್ರಾತ್ಯೆವ್ ಮೊದಲಾದವರೂ ಅದೇ ಆರೋಪಕ್ಕೆ ಒಳಗಾದರು. ಅಂಥ ಪಕ್ಷವೊಂದು ಎಲ್ಲಿಯೂ ಇರಲಿಲ್ಲ. 1932ರಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. ಬಳಿಕ ಕಜಾಕ್ ಸೀಮೆಯ ಅಲ್ಮಾ ಆತಾ ನಗರಕ್ಕೆ ಗಡೀಪಾರಾಗಿ, ಅಲ್ಲಿಯ ವ್ಯವಸಾಯ ವಿದ್ಯಾಲಯದಲ್ಲಿ ಕೆಲಸ ಮಾಡಿದನು. 1937ರ ಮಾರ್ಚಿಯಲ್ಲಿ ಮತ್ತೆ ಬಂಧಿಸಿದರು. ಅಕ್ಟೋಬರ್ 3ರಂದು ಗುಂಡಿಟ್ಟು ಕೊಂದರು. ಆಗ ಆತನಿಗೆ ನಲವತ್ತೊಂಬತ್ತು ವರ್ಷ.

ಈ ನಡುವೆ ಆತನು ಯಾವ ಮನೆಗಳ ಲೆಕ್ಕವನ್ನು ಬರೆದಿದ್ದನೋ ಆ ಮನೆಗಳ ಗತಿ ಏನಾಯಿತು? ಹೊಲ, ಕುದುರೆ, ಹಸುಗಳನ್ನು ಬಲಾತ್ಕಾರದಿಂದ ಕೂಡಿಸಿ ಸಾಮೂಹಿಕ ಕ್ಷೇತ್ರಗಳನ್ನು ಮಾಡಲಾಯಿತು. ಎಷ್ಟೋ ರೈತರು ದನಗಳನ್ನು ಒಪ್ಪಿಸುವುದಕ್ಕಿಂತ ಕೊಂದು ತಿಂದರು. ಎದುರಾಡಿದ ಸಂಸಾರಗಳನ್ನು ದೂರದ ಕಾಡುಗಳಿಗೆ ಅಟ್ಟಿದರು. ಬೆಳೆದ ಧಾನ್ಯವನ್ನು ಸರಕಾರವು ಎತ್ತಿಕೊಂಡುಹೋಯಿತು. 1932 ಮತ್ತು 1933ರ ಕ್ಷಾಮದಲ್ಲಿ ಉಕ್ರೇನಿನಲ್ಲಿಯೂ, ಕಜಾಕ್ ಸೀಮೆಯಲ್ಲಿಯೂ, ವೋಲ್ಗಾ ನದಿಯ ದಡದಲ್ಲಿಯೂ ಕೂಡಿ ಐವತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಸತ್ತರು. ಮನೆಯ ತೂಕವನ್ನು ಅರಿಯದವರು ಮನೆಯ ತಕ್ಕಡಿಯನ್ನೇ ಮುರಿದುಹಾಕಿದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಡ.

ಚಯಾನೋವನ ಹೆಂಡತಿ ಓಲ್ಗಾ ನಾಟಕಕಲೆಯ ಚರಿತ್ರೆಯಲ್ಲಿ ವಿದುಷಿ. ಗಂಡನ ನಿಮಿತ್ತವಾಗಿ ಆಕೆಯೂ 1937ರಲ್ಲಿ ಬಂಧಿತಳಾಗಿ ಹದಿನೆಂಟು ವರ್ಷಗಳನ್ನು ಸೆರೆಶಿಬಿರಗಳಲ್ಲಿ ಕಳೆದಳು. ಹೊರಗೆ ಬಂದ ಮೇಲೆ ಗಂಡನ ಹೆಸರಿಗೆ ಅಂಟಿದ ಕಳಂಕವನ್ನು ತೊಳೆಯಬೇಕೆಂದು ಅಧಿಕಾರಿಗಳಿಗೆ ಬೇಡಿಕೊಂಡಳು. ಹೊರದೇಶಗಳ ವಿದ್ವಾಂಸರಿಗೆ ಆತನು ಸತ್ತ ವರ್ಷವೇ ಸರಿಯಾಗಿ ತಿಳಿದಿರಲಿಲ್ಲ. ಹಲವು ಗ್ರಂಥಗಳಲ್ಲಿ ಬಹುಕಾಲ 1939 ಎಂದೇ ಅಚ್ಚಾಗುತ್ತಿತ್ತು. ಆತನು ನಿರಪರಾಧಿಯೆಂದು ಸೋವಿಯತ್ ನ್ಯಾಯಾಲಯವು ಪೂರ್ಣವಾಗಿ ತೀರ್ಪಿತ್ತದ್ದು 1987ರ ಜುಲೈ ತಿಂಗಳಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಓಲ್ಗಾ ತೀರಿಕೊಂಡಿದ್ದಳು.

ಆತನ ವಿಚಾರಕ್ಕೆ ಮರುಹುಟ್ಟು ಬಂದ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲುಂಟು. ಭಾರತದಲ್ಲಿ 1954ರಿಂದ ಕೆಲವು ವರ್ಷಗಳ ಕಾಲ ಹಲವು ಪ್ರಾಂತಗಳಲ್ಲಿ ಹಿಡುವಳಿಗಳ ಆಯವ್ಯಯದ ತನಿಖೆ ನಡೆಯಿತು. ಮನೆಯವರ ದುಡಿಮೆಗೆ ಕೂಲಿ ಕಟ್ಟಿದರೆ ನಮ್ಮ ಬೇಸಾಯದ ಬಹುಭಾಗವು ನಷ್ಟವೆಂದು ಅಲ್ಲಿಯೂ ಕಂಡಿತು. ಸಣ್ಣ ಹಿಡುವಳಿಗಳಲ್ಲಿ ಎಕರೆಯೊಂದಕ್ಕೆ ಬೆಳೆಯು ಹೆಚ್ಚೆಂಬುದೂ ಕಂಡಿತು. ಅಮರ್ತ್ಯ ಸೇನರು 1962ರಲ್ಲಿ ಒಂದು ಲೇಖನದಲ್ಲಿ ಈ ವಿಚಿತ್ರವನ್ನು ಎತ್ತಿಕೊಂಡು, ಕೂಲಿಯಾಳಿನ ದುಡಿಮೆ ನಿಲ್ಲುವಲ್ಲಿ ಮನೆಯವರ ದುಡಿಮೆ ನಿಲ್ಲಬೇಕಾಗಿಲ್ಲವೆಂದು ತೋರಿಸಿದರು. ಚಯಾನೋವನ ಗ್ರಂಥವು ಇಂಗ್ಲಿಷಿಗೆ ಬಂದದ್ದು ಅದಾದ ನಾಲ್ಕು ವರ್ಷಗಳ ಮೇಲೆ, 1966ರಲ್ಲಿ. ಅದನ್ನು ಹೊರತಂದ ಮೂವರಲ್ಲಿ ಡೇನಿಯಲ್ ಥಾರ್ನರ್ ಒಬ್ಬನು. ಅಮೆರಿಕದಲ್ಲಿ ರಾಜಕೀಯ ಸಂಶಯಕ್ಕೆ ಗುರಿಯಾಗಿ ಕೆಲಸವನ್ನು ಕಳೆದುಕೊಂಡು, 1950ರ ದಶಕದ ಬಹುಭಾಗವನ್ನು ಭಾರತದಲ್ಲಿ ಕಳೆದು, ನಮ್ಮ ಹಳ್ಳಿಗಳನ್ನು ಸುತ್ತಿ ನೋಡಿದ್ದ ವಿದ್ವಾಂಸನೀತ. ಚಯಾನೋವನನ್ನು ಲೋಕಕ್ಕೆ ಪರಿಚಯಿಸುತ್ತಲೇ, ಈ ಸಿದ್ಧಾಂತವು ಜನರು ವಿರಳವಾಗಿರುವ ದೇಶಗಳಿಗೆ ಹೊಂದುವಷ್ಟು ಜನರು ದಟ್ಟವಾಗಿರುವ ದೇಶಗಳಿಗೆ ಹೊಂದುವುದಿಲ್ಲವೆಂದು ಎಚ್ಚರಿಸುವುದನ್ನೂ ಆತನು ಮರೆಯಲಿಲ್ಲ.

ಭಾರತದಲ್ಲಿ ಬೆಳೆಗಳಿಗೆ ಬೆಂಬಲ ಬೆಲೆಯನ್ನು ಗೊತ್ತುಮಾಡುವಾಗಲೆಲ್ಲ ಮನೆಯವರ ದುಡಿಮೆಯನ್ನು ಹೇಗೆ ಎಣಿಸಬೇಕೆಂಬ ಚರ್ಚೆಯು ಎದ್ದಿದೆ. ಇದನ್ನು ಬರಿಯ ಲೆಕ್ಕದ ಮಾತೆಂದು ನಾವು ಪಟ್ಟಣದವರು ಭಾವಿಸಬಾರದು. ಕೂಲಿ ಕಟ್ಟದೆ ಬಿಟ್ಟರೆ ಆ ತಾಯಿಯ ಬೆವರಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಕೂಲಿ ಕಟ್ಟಿ ನಷ್ಟವೆಂದು ತೀರ್ಮಾನಿಸಿ, ಇಂಥ ಬೇಸಾಯವು ಇರಬಾರದೆಂದರೆ ಆಕೆಯ ಕಾಲ ಕೆಳಗಿನ ನೆಲವನ್ನೇ ಸೆಳೆದಂತಾಗುತ್ತದೆ. ಚಯಾನೋವನು ಎರಡು ತಪ್ಪುಗಳನ್ನೂ ಮಾಡಲಿಲ್ಲ. ಮೊದಲು ಆ ಮನೆಯೊಳಗೆ ಹೋಗಿ, ಉಣ್ಣುವವರನ್ನೂ ದುಡಿಯುವವರನ್ನೂ ಎಣಿಸಿ, ಅವರು ಏಕೆ ಹೀಗೆ ಮಾಡುತ್ತಾರೆಂದು ಕೇಳಿ ತಿಳಿದ ಮೇಲೆಯೇ ಸಿದ್ಧಾಂತಕ್ಕೆ ಕೈಹಾಕಿದನು.

ನಮಗೆ ಪ್ರಶ್ನೆ ಹಾಕಿದ ಆ ಹುಡುಗನು ಓದು ಮುಗಿಸಿ ಹೊರಟುಹೋದನು. ಆತನಿಗೆ ಆ ದಿನ ಸರಿಯಾದ ಉತ್ತರವನ್ನು ನಾವು ಕೊಡಲಿಲ್ಲ. ಆದರೆ ಅಂದಿನಿಂದ ಆ ಆಯವ್ಯಯವನ್ನು ಹಲಗೆಯ ಮೇಲೆ ಬರೆಯುವಾಗಲೆಲ್ಲ, ಮೊದಲನೆಯ ಸಾಲಿನಲ್ಲಿ ಬೀಜದ ಬೆಲೆಯನ್ನು ಬರೆಯುವುದನ್ನು ಬಿಟ್ಟಿದ್ದೇವೆ. ಮೊದಲನೆಯ ಸಾಲಿನಲ್ಲಿ ಈಗ ಎರಡು ಅಂಕಿಗಳನ್ನು ಬರೆಯುತ್ತೇವೆ: ಮನೆಯಲ್ಲಿ ಉಣ್ಣುವವರೆಷ್ಟು, ದುಡಿಯುವವರೆಷ್ಟು.